ಸಿಪ್ಪೆ ಕೇಳಿಕೊಂಡು ಹೊಸದುರ್ಗಕ್ಕೆ

ಶಿವಮೊಗ್ಗದಲ್ಲಿ ಚಿತ್ರದುರ್ಗದ ಬಸ್ಸು ಹತ್ತಿದಾಗ ನನ್ನ ಬಳಿ ಒಂದು ಬಟ್ಟೆಯ ಚೀಲ, ರಕ್ತದೊತ್ತಡ ನೋಡುವ ಪಾದರಸದ ಪೆಟ್ಟಿಗೆ ಮತ್ತು ಮಡಚಿಟ್ಟ ಒಂದು ಖಾಲಿ ಗೋಣಿಚೀಲ ಇದ್ದವು. ಕಂಡಕ್ಟರು ಗೋಣಿಚೀಲವನ್ನೇ ನೋಡಿ, "ಲಗೇಜ್ ಏನ್ ಮೇಡಂ ಅದು?" ಎಂದರು. "ಈಗ ಏನೂ ಇಲ್ಲ. ಬರುವಾಗ ಸಿಪ್ಪೆ ತುಂಬಿಕೊಂಡು ಬರುತ್ತೇನೆ" ಎಂದೆ. ಅವರು ಟಿಕೆಟ್ ಕೊಟ್ಟು ಮುಂದೆ ಹೋದರು. ಪಕ್ಕದಲ್ಲಿ ಕುಳಿತಿದ್ದ ಶೋಭಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷವಾಗಿತ್ತು. ಊರೂರಿನ ಎಸ್‌ಟಿಡಿ ಬೂತುಗಳು ಇನ್ನೂ ಬಾಗಿಲು ಮುಚ್ಚಿರಲಿಲ್ಲ. ನಾನು ಕಾಲೇಜಿನಲ್ಲಿ ಜೀವರಸಾಯನ ವಿಜ್ಞಾನ ಪಾಠ ಮಾಡುತ್ತಿದ್ದೆ, ಶೋಭಾ ನನ್ನ ಕೈಕೆಳಗೆ ಸಂಶೋಧನೆಗೆ ಸೇರಿದ್ದಳು. ನಮ್ಮ ವಿಷಯ ದಾಳಿಂಬೆ ಸಿಪ್ಪೆ. ಹಣ್ಣಲ್ಲ, ಸಿಪ್ಪೆ. ಇದನ್ನು ಹೇಳಿದಾಗಲೆಲ್ಲ ಮನೆಯವರು, ನೆಂಟರು, ಪಕ್ಕದ ಮನೆಯವರು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಓದಿ ಓದಿ ಇವಳಿಗೆ ಹೀಗಾಯಿತಲ್ಲ ಎನ್ನುವ ನೋಟ ಅದು.

ವಿಷಯ ಇಷ್ಟೇ. ನೆಲ್ಲಿಕಾಯಿ ಕಚ್ಚಿದಾಗ, ಚಹಾ ಹೆಚ್ಚು ಕುದಿಸಿದಾಗ ನಾಲಿಗೆಯನ್ನು ಹಿಡಿದೆಳೆಯುವ ಒಗರು ಇದೆಯಲ್ಲ, ಆ ಒಗರಿಗೆ ಕಾರಣವಾದ ಪದಾರ್ಥಗಳನ್ನು ಪಾಲಿಫಿನಾಲ್ ಎನ್ನುತ್ತಾರೆ. ದಾಳಿಂಬೆಯ ಕಾಳಿಗಿಂತ ಸಿಪ್ಪೆಯಲ್ಲಿ ಅವು ಹೆಚ್ಚು. ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ನೀರು ಬೆರೆಸಿದ ಆಲ್ಕೋಹಾಲಿನಲ್ಲಿ ನೆನೆಹಾಕಿ, ಸೋಸಿ, ಇಂಗಿಸಿದರೆ ಕಂದು ಬಣ್ಣದ ಅಂಟು ಸಾರ ಉಳಿಯುತ್ತದೆ. ಅದರ ಒಂದೆರಡು ಹನಿಯನ್ನು ನೇರಳೆ ಬಣ್ಣದ ಒಂದು ಪರೀಕ್ಷಾ ದ್ರಾವಣಕ್ಕೆ ಹಾಕಿದರೆ ಕಣ್ಣೆದುರೇ ಅದು ಹಳದಿಗೆ ತಿರುಗುತ್ತದೆ. ಆ್ಯಂಟಿಆಕ್ಸಿಡೆಂಟ್ ಎನ್ನುವ ಉತ್ಕರ್ಷಣ ನಿರೋಧಕ ಗುಣ ಇದೆ ಎನ್ನುವುದಕ್ಕೆ ಅದು ಗುರುತು. ನಮ್ಮ ರಕ್ತನಾಳಗಳನ್ನು ಬಿಗಿ ಮಾಡಿ ಒತ್ತಡ ಏರಿಸುವುದರಲ್ಲಿ ಕೈ ಇರುವ ಒಂದು ಕಿಣ್ವವನ್ನೂ ಈ ಸಾರ ಗಾಜಿನ ನಳಿಕೆಯಲ್ಲಿ ತಕ್ಕಮಟ್ಟಿಗೆ ತಡೆಯುತ್ತಿತ್ತು. ಗಾಜಿನ ನಳಿಕೆಯಲ್ಲಿ ಎಂಬ ಮಾತನ್ನು ನಾನು ಯಾವಾಗಲೂ ಒತ್ತಿ ಹೇಳುತ್ತೇನೆ. ನನಗೂ ಬಿಪಿ ಇದೆ, ನಾನು ದಿನವೂ ಡಾಕ್ಟರು ಕೊಟ್ಟ ಮಾತ್ರೆಯನ್ನೇ ನುಂಗುತ್ತೇನೆ.

ಆ ವರ್ಷ ಪೇಟೆಯ ಹಣ್ಣಿನ ಸಿಪ್ಪೆ ತಂದು ಮಾಡಿದ ಪರೀಕ್ಷೆಗಳೆಲ್ಲ ಎಡವಟ್ಟಾಗಿದ್ದವು. ರೋಗ ಬಾರದಿರಲೆಂದು ಸಿಪ್ಪೆಗೆ ಹೊಡೆದಿದ್ದ ಮೈಲುತುತ್ತದ ತಾಮ್ರ ಲೆಕ್ಕವನ್ನೆಲ್ಲ ಕೆಡಿಸಿತ್ತು. ಏನೂ ಸಿಂಪಡಿಸದ ಗಿಡದ ಹಣ್ಣು ಸಿಗದಿದ್ದರೆ ಶೋಭಾಳ ಒಂದು ವರ್ಷದ ಕೆಲಸ ನೀರುಪಾಲು. ಹಿರಿಯೂರಿನ ಒಬ್ಬ ಹಣ್ಣಿನ ವ್ಯಾಪಾರಿ ಫೋನಿನಲ್ಲಿ, "ಬರ್ರಿ ಮೇಡಂ, ಬೇಕಾದಷ್ಟು ಐತೆ" ಎಂದಿದ್ದರು. ಆ ಮಾತನ್ನು ನಂಬಿ ಹೊರಟಿದ್ದೆವು.

ಚನ್ನಗಿರಿ ದಾಟಿ ಹೊಳಲ್ಕೆರೆ ಬರುವ ಹೊತ್ತಿಗೆ ಬಿಸಿಲು ಏರಿತ್ತು. ಶಿವರಾತ್ರಿ ಇನ್ನೂ ಮುಂದಿದ್ದರೂ ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಚಿತ್ರದುರ್ಗದಲ್ಲಿ ಇಳಿದು, ಬೆಟ್ಟದ ಮೇಲಿನ ಕೋಟೆ ಗೋಡೆಯನ್ನು ಬಸ್ ನಿಲ್ದಾಣದಿಂದಲೇ ನೋಡಿ ತೃಪ್ತಿಪಟ್ಟೆ. ಹತ್ತುವ ಆಸೆಯಿತ್ತು, ಮೊಣಕಾಲು ಒಪ್ಪಲಿಲ್ಲ. ಅದರ ಬದಲು ಎದುರಿನ ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಉಪ್ಪು, ಎಣ್ಣೆ ಎರಡೂ ನನಗೆ ವರ್ಜ್ಯ. ಒಂದೇ ಮೆಣಸಿನಕಾಯಿ ಎಂದುಕೊಂಡು ಕುಳಿತವಳು ಮೂರು ತಿಂದು ಎದ್ದೆ. ಶೋಭಾ ತನ್ನ ಮಂಡಕ್ಕಿಯನ್ನೇ ನೋಡುತ್ತ ತಿಂದಳು, ಮೇಡಂ ಎಂದರೆ ಭಯ ಭಕ್ತಿ ಇದ್ದ ಕಾಲ.

ಅಲ್ಲಿಂದ ಹಿರಿಯೂರಿಗೆ ನಲವತ್ತು ಕಿಲೋಮೀಟರಿನ ಹೆದ್ದಾರಿ. ಲಾರಿಗಳ ಹಿಂದೆ ಲಾರಿ. ಹಿರಿಯೂರಿನಲ್ಲಿ ತೆಂಗಿನಕಾಯಿ ರಾಶಿಗಳ ನಡುವೆ ದಾರಿ ಮಾಡಿಕೊಂಡು ವ್ಯಾಪಾರಿಯ ಮಂಡಿ ಹುಡುಕಿದೆವು. ಅವರು ಎಳನೀರು ಕುಡಿಸಿ, ಒಣಹುಲ್ಲಿನ ಮೇಲೆ ಜೋಡಿಸಿದ್ದ ಕೆಂಪು ದಾಳಿಂಬೆಗಳನ್ನು ಹೆಮ್ಮೆಯಿಂದ ತೋರಿಸಿದರು. ಒಂದೊಂದೂ ಒರೆಸಿಟ್ಟಂತೆ ಹೊಳೆಯುತ್ತಿತ್ತು. ನನಗೆ ಅಲ್ಲೇ ಅನುಮಾನ ಬಂತು.

"ಇದಕ್ಕೆ ಔಷಧಿ ಹೊಡೆದಿಲ್ಲ ತಾನೆ?" ಎಂದು ಕೇಳಿದೆ.

ಅವರಿಗೆ ಅವಮಾನವಾದಂತಾಯಿತು. "ಏನ್ ಮಾತಾಡ್ತೀರ ಮೇಡಂ. ಔಷಧಿ ಹೊಡೀದೆ ಇರೋ ಮಾಲು ನಮ್ಮ ಮಂಡಿಗೆ ಬರೋದೇ ಇಲ್ಲ. ವಾರಕ್ಕೊಂದ್ಸಲ ಹೊಡಸ್ತೀವಿ."

"ನನಗೆ ಔಷಧಿ ಹೊಡೆಯದೆ ಇರೋದೇ ಬೇಕಾಗಿತ್ತು."

"ಯಾಕ್ರೀ?"

"ಔಷಧಿ ಮಾಡೋದಕ್ಕೆ."

ಅವರು ನನ್ನ ಮುಖ ನೋಡಿದರು, ಶೋಭಾಳ ಮುಖ ನೋಡಿದರು, ಕಡೆಗೆ ಗೋಣಿಚೀಲ ನೋಡಿದರು. ನಮ್ಮ ಭಾಷೆಯಲ್ಲಿ ಹುಳಕ್ಕೆ ಹೊಡೆಯುವುದೂ ಔಷಧಿ, ಮನುಷ್ಯ ಕುಡಿಯುವುದೂ ಔಷಧಿ. ಈ ಗೊಂದಲ ಬಿಡಿಸುವುದಕ್ಕೆ ಇನ್ನೊಂದು ಎಳನೀರು ಬೇಕಾಯಿತು. ಕೊನೆಗೆ ಅವರು ಕೈಮುಗಿದು, ಅಂಥ ಹಣ್ಣು ಯಾರಾದರೂ ಹಿತ್ತಲಲ್ಲಿ ಮನೆಮಟ್ಟಿಗೆ ಬೆಳೆದಿದ್ದರೆ ಉಂಟು, ಪೇಟೆಯಲ್ಲಿ ಸಿಗದು ಎಂದು ಬಾಯಿಬಿಟ್ಟು ಹೇಳಿದರು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಾನು ಮುಖ ದಪ್ಪ ಮಾಡಿಕೊಂಡು ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಶೋಭಾ, "ನಮ್ಮ ಹಿತ್ತಲಲ್ಲಿ ಒಂದು ಗಿಡ ಇದೆ ಮೇಡಂ. ಅಪ್ಪ ಅದಕ್ಕೆ ಏನೂ ಹೊಡೆಯಲ್ಲ" ಎಂದಳು. ಅವರ ಊರು ಹೊಸದುರ್ಗದಿಂದ ಹಾಲುರಾಮೇಶ್ವರಕ್ಕೆ ಹೋಗುವ ದಾರಿಯಲ್ಲಿ. ತಂದೆ ರುದ್ರಪ್ಪನವರು ದಾಳಿಂಬೆ ಬೆಳೆಗಾರರು, ತೋಟಕ್ಕೆ ಔಷಧಿ ಹೊಡೆಸುತ್ತಾರೆ ಎಂಬುದು ಗೊತ್ತಿತ್ತು, ಹಿತ್ತಲ ಗಿಡದ ಸುದ್ದಿ ಗೊತ್ತಿರಲಿಲ್ಲ.

"ಇಷ್ಟು ದಿನ ಬಾಯಲ್ಲಿ ಏನು ಇಟ್ಟುಕೊಂಡಿದ್ದೆ?" ಎಂದು ರೇಗಿದೆ.

ಅವಳ ಕಣ್ಣು ತುಂಬಿತು. ಆಮೇಲೆ ವಿಷಯ ಹೊರಗೆ ಬಂತು. ತಂದೆಗೆ ನಾಲ್ಕು ವರ್ಷದಿಂದ ಬಿಪಿ. ಡಾಕ್ಟರು ಕೊಟ್ಟ ಮಾತ್ರೆ ನುಂಗುವುದಿಲ್ಲ. ಹೋದ ತಿಂಗಳು ತೋಟದಲ್ಲಿ ತಲೆಸುತ್ತಿ ಬಿದ್ದಿದ್ದರಂತೆ. ಮಗಳು ಓದುವುದೇ ಬಿಪಿಯ ವಿಷಯ, ಅಪ್ಪ ಮಾತ್ರ ಮಗಳ ಮಾತು ಕೇಳುವುದಿಲ್ಲ. ಊರಿಗೆ ಹೋದರೆ ಜಗಳ, ಅದಕ್ಕೇ ಊರಿನ ಮಾತೆತ್ತಿರಲಿಲ್ಲ. "ನೀವು ಒಂದು ಮಾತು ಹೇಳಿ ಮೇಡಂ. ನಿಮ್ಮ ಮಾತು ಕೇಳಬಹುದು" ಎಂದಳು. ರೇಗಿದ್ದಕ್ಕೆ ನನಗೇ ಬೇಜಾರಾಗಿ ಅವಳಿಗೆ ಕಡಲೆಕಾಯಿ ಕೊಡಿಸಿದೆ.

ಹೊಸದುರ್ಗದ ಬಸ್ಸು ವಾಣಿವಿಲಾಸ ಸಾಗರದ ಹತ್ತಿರ ಹಾದುಹೋಯಿತು. ಗುಡ್ಡಗಳ ನಡುವೆ ನೀರು ದೂರದಲ್ಲಿ ಹೊಳೆದು ಮರೆಯಾಯಿತು. ಹೊಸದುರ್ಗದಲ್ಲಿ ಇನ್ನೊಂದು ಬಸ್ಸು ಹಿಡಿದು ಊರು ಮುಟ್ಟಿದಾಗ ದನಗಳು ಮನೆಗೆ ಬರುತ್ತಿದ್ದವು. ರುದ್ರಪ್ಪನವರು ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಜಗಲಿಯ ಮೇಲೆ ಕುಳಿತಿದ್ದರು. ಅಗಲ ಭುಜದ, ಗಟ್ಟಿ ದನಿಯ ಆಳು. "ಬರ್ರಿ ಮೇಡಮ್ಮೋರೆ, ಕುಂತ್ಕಳ್ರಿ. ನಮ್ಮ ಶೋಭಾ ಸರಿಯಾಗಿ ಓದ್ತಾಳೋ, ಇಲ್ಲ ಸಿಪ್ಪೆ ಆಯ್ಕಂಡು ತಿರುಗ್ತಾಳೋ?" ಎಂದು ನಕ್ಕರು. ಎರಡೂ ಒಂದೇ ಎಂದೆ.

ಕೈಕಾಲು ತೊಳೆದು ಬರುವಷ್ಟರಲ್ಲಿ ಶೋಭಾಳ ತಾಯಿ ಗಂಗಮ್ಮ ಒಂದು ದೊಡ್ಡ ಬಟ್ಟಲಿನ ತುಂಬ ದಾಳಿಂಬೆ ಕಾಳು ಬಿಡಿಸಿ ತಂದಿಟ್ಟರು. "ಹಿತ್ಲ ಗಿಡದ್ದು. ತಿನ್ರಿ."

"ಸಿಪ್ಪೆ ಎಲ್ಲಿ?" ನಾನೂ ಶೋಭಾಳೂ ಒಟ್ಟಿಗೇ ಕೇಳಿದೆವು.

"ತಿಪ್ಪೆಗೆ ಹಾಕ್ದೆ. ಮನೆಗೆ ಬಂದೋರಿಗೆ ಸಿಪ್ಪೆ ಕೊಡ್ತಾರೇನ್ರಿ?"

ಶೋಭಾ ಓಡಿ ಹೋಗಿ ತಿಪ್ಪೆ ನೋಡಿ ಬಂದಳು. ಸಗಣಿಯ ಜೊತೆ ಸೇರಿದ ಆ ಸಿಪ್ಪೆ ಯಾವ ಪರೀಕ್ಷೆಗೂ ಒದಗುವಂತಿರಲಿಲ್ಲ. ನಮ್ಮ ಸಂಕಟ ಕಂಡು ಗಂಗಮ್ಮನವರಿಗೂ ಸಂಕಟವಾಯಿತು. ಗಿಡದಲ್ಲಿ ಇನ್ನೂ ಬೇಕಾದಷ್ಟು ಹಣ್ಣಿದೆ, ಎಲ್ಲ ಕಿತ್ತು ಸಿಪ್ಪೆ ಸುಲಿದುಕೊಳ್ಳಿ ಎಂದರು. ರುದ್ರಪ್ಪನವರು ಅದಕ್ಕೆ ಒಪ್ಪಲಿಲ್ಲ. "ಅದು ನಮ್ಮವ್ವ ನೆಟ್ಟಿದ್ದು. ಕೇರಿ ಬಾಣಂತೇರಿಗೆಲ್ಲ ಅದೇ ಗಿಡದ ಹಣ್ಣು. ಯಾರೂ ತಿನ್ನದೆ ಸಿಪ್ಪೆ ಸುಲಿಯಂಗಿಲ್ಲ. ಯಾರಾದ್ರೂ ತಿನ್ಲಿ, ಸಿಪ್ಪೆ ನೀವು ತಗಳ್ರಿ."

"ಹಾಗಾದರೆ ಮೊದಲು ನೀವೇ ತಿನ್ನಿ" ಎಂದು ಬಟ್ಟಲನ್ನು ಅವರ ಕಡೆ ತಳ್ಳಿದೆ.

ಅವರು ಕೈ ಅಡ್ಡ ಹಿಡಿದರು. "ನಂಗಾಗಲ್ಲ. ನಾಕು ವರ್ಷದಿಂದ ಬಿಟ್ಟೀನಿ. ಡಾಕ್ಟ್ರು ನಂಗೆ ರಕ್ತದೊತ್ತಡ ಜಾಸ್ತಿ ಐತೆ ಅಂದವ್ರೆ. ದಾಳಿಂಬೆ ತಿಂದ್ರೆ ರಕ್ತ ಇನ್ನಾ ಹೆಚ್ತೈತೆ."

ಮಾತ್ರೆಯ ಗುಟ್ಟೂ ಅದರಲ್ಲೇ ಇತ್ತು. ಅವರ ಲೆಕ್ಕದಲ್ಲಿ ಮಾತ್ರೆ ರಕ್ತವನ್ನು ಕಡಿಮೆ ಮಾಡುತ್ತದೆ. ತೋಟದಲ್ಲಿ ದುಡಿದು ಸುಸ್ತಾದ ದಿನ ರಕ್ತ ತಾನಾಗಿಯೇ ಕಡಿಮೆಯಾಗಿರುತ್ತದಲ್ಲ, ಇನ್ನು ಮಾತ್ರೆ ಯಾಕೆ? ಅವರು ದುಡಿಯದ ದಿನವೇ ಇರಲಿಲ್ಲ. ತಲೆಸುತ್ತಿ ಬಿದ್ದಾಗಲೂ ಅವರ ಪ್ರಕಾರ ರಕ್ತ ಸಾಲದೆ ಬಿದ್ದದ್ದು. "ಎದುರಿಗೆ ನಿಂತು ಕೊಟ್ರೆ ಬಾಯಾಗಿಟ್ಕಂಡು ಹಿತ್ಲಿಗೆ ಹೋಗಿ ಉಗಿದು ಬರ್ತಾರೆ" ಎಂದು ಗಂಗಮ್ಮ ದೂರಿದರು. "ಈಗೀಗ ನಾಲಿಗೆ ಎತ್ತಿ ತೋರ್ಸು ಅಂತೀನಿ. ಅದಕ್ಕೂ ಸಿಟ್ಟು."

ದಾಳಿಂಬೆ ತಿಂದರೆ ರಕ್ತ ಹೆಚ್ಚುತ್ತದೆ ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ಬಾಣಂತಿಗೆ, ಬಿಳಿಚಿಕೊಂಡ ಹುಡುಗಿಯರಿಗೆ ಹೇಳುವ ಮಾತು ಅದು. ರಕ್ತದೊತ್ತಡ ಎಂಬ ಪದದಲ್ಲಿ ಮುಂದೆ ಬರುವುದು ರಕ್ತ, ಒತ್ತಡ ಹಿಂದೆ. ರುದ್ರಪ್ಪನವರ ಕಿವಿಗೆ ಬಿದ್ದದ್ದು ಮುಂದಿನದು ಮಾತ್ರ. ಒಬ್ಬ ದಾಳಿಂಬೆ ಬೆಳೆಗಾರ ನಾಲ್ಕು ವರ್ಷ ತನ್ನ ಹಣ್ಣು ತಾನು ತಿನ್ನದೆ ಕುಳಿತದ್ದನ್ನು ನೆನೆದು ನನಗೆ ನಗುವೂ ಬಂತು, ಪಾಪ ಎಂದೂ ಅನ್ನಿಸಿತು. ನಾನು ವಿವರಿಸಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡು, "ಮುದ್ದೆ ಆರ್ತೈತೆ, ಏಳ್ರಿ" ಎಂದರು.

ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಪರ್ಸಿನಿಂದ ಮಾತ್ರೆ ತೆಗೆದು ನೀರು ಕೇಳಿದೆ. ರುದ್ರಪ್ಪನವರು ಕಣ್ಣು ಕಿರಿದು ಮಾಡಿ ನೋಡಿದರು. "ಏನ್ ಮಾತ್ರೆ ಅದು?"

"ಬಿಪಿದು."

"ಸಿಪ್ಪೆ ಅರೆದು ಬಿಪಿಗೆ ಔಷಧಿ ಮಾಡೋರು ನೀವು. ನೀವೇ ಮಾತ್ರೆ ನುಂಗ್ತೀರಾ?"

"ನನ್ನ ಸಿಪ್ಪೆ ಇನ್ನೂ ನಳಿಕೆಯಲ್ಲೇ ಇದೆ. ಮನುಷ್ಯರ ಮೇಲೆ ಏನು ಮಾಡುತ್ತದೋ ನನಗೆ ಗೊತ್ತಿಲ್ಲ. ಮಾತ್ರೆ ಏನು ಮಾಡುತ್ತದೆ ಎಂದು ಗೊತ್ತು. ಅದಕ್ಕೇ ನುಂಗುತ್ತೇನೆ."

ಈ ಉತ್ತರ ಅವರಿಗೆ ಯಾಕೋ ಹಿಡಿಸಿತು. ನಮ್ಮದು ನೋಡುವ ಮೊದಲು ನಿಮ್ಮದು ನೋಡಿ ಎಂದು ಪೆಟ್ಟಿಗೆ ತರಿಸಿದರು. ಶೋಭಾ ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ನೂರಾ ಐವತ್ತು. ಚಿತ್ರದುರ್ಗದ ಮೆಣಸಿನಕಾಯಿಗಳ ಮೇಲೆ ತಪ್ಪು ಹೊರಿಸಿದೆ. ಅವರದು ನೂರಾ ಎಪ್ಪತ್ತೆಂಟು. ಮಗಳ ಮುಖ ಬಾಡಿತು, ಅಪ್ಪ ಮಾತ್ರ ಮುಖ ತಿರುಗಿಸಿ, "ತ್ವಾಟಕ್ಕೆ ಹೋಗಾಣ ನಡೀರಿ, ಕರೆಂಟ್ ಬಂದೈತೆ" ಎಂದರು.

ತೋಟದಲ್ಲಿ ಸಾಲುಸಾಲು ದಾಳಿಂಬೆ, ಬುಡದಲ್ಲಿ ಹನಿ ನೀರಾವರಿಯ ಕಪ್ಪು ಪೈಪುಗಳು. ಮೋಟರು ಹಾಕಿದ ಮೇಲೆ ರುದ್ರಪ್ಪನವರು ಮುಖ್ಯ ಪೈಪಿನ ಮೇಲಿದ್ದ ಗಡಿಯಾರದಂಥ ಗೇಜಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಮುಳ್ಳು ಏರಿತು. ಅಷ್ಟರಲ್ಲಿ ಎಲ್ಲೋ ಒಂದು ಪೈಪಿನ ತುದಿಯ ಮುಚ್ಚಳ ಪಟ್ಟನೆ ಹಾರಿ ನೀರು ಆಳೆತ್ತರ ಚಿಮ್ಮಿತು. ಅವರು ಪಕ್ಕದ ವಾಲ್ವನ್ನು ಸ್ವಲ್ಪ ತಿರುಗಿಸಿದರು. ಮುಳ್ಳು ಇಳಿಯಿತು. ಶೋಭಾ ತೊಯ್ದ ಸೆರಗು ಹಿಂಡುತ್ತ ಕೇಳಿದಳು:

"ಅಪ್ಪಾ, ಬೋರ್‌ನಾಗೆ ನೀರೆಷ್ಟೈತೆ ಅಂತ ಈ ಗೇಜು ಹೇಳ್ತೈತಾ?"

"ಅದೆಂಗೆ ಹೇಳ್ತೈತೆ? ಪೈಪ್‌ನಾಗೆ ನೀರು ಎಷ್ಟು ಒತ್ತತೈತೆ ಅಂತ ಹೇಳ್ತೈತೆ."

"ಮುಳ್ಳು ಏರ್ತು ಅಂತ ನೀರು ಹೆಚ್ತು ಅನ್ನಂಗೈತಾ?"

"ಇಲ್ಲ."

"ವಾಲ್ವ್ ತಿರುವಿದ್ರೆ ಬೋರ್ ಬತ್ತೋಗ್ತೈತಾ?"

"ನೀನೇನ್ ನಂಗೆ ಡ್ರಿಪ್ಪು ಕಲಿಸ್ತೀಯೇನೇ?" ಎಂದು ತಲೆಯೆತ್ತಿದವರು ಅಲ್ಲಿಗೇ ನಿಂತರು. ಮನೆಯಲ್ಲಿಡಲು ಮರೆತು ನನ್ನ ಕಂಕುಳಲ್ಲೇ ಉಳಿದಿದ್ದ ಪೆಟ್ಟಿಗೆಗೆ ಅವರ ಕಣ್ಣು ಬಂತು. ಮತ್ತೆ ಗೇಜಿಗೆ ಹೋಯಿತು. "ಇದು ಒತ್ತು ಅಳೆಯೋ ಪೆಟ್ಗೆನಾ?" ಎಂದು ಕೇಳಿದರು. ಹೌದೆಂದೆ. "ರಕ್ತ ಅಳೆಯೋದಲ್ವಾ?" ಅಲ್ಲವೆಂದೆ. ಅವರು ಹಾರಿಹೋದ ಮುಚ್ಚಳ ಹುಡುಕಿಕೊಂಡು ಸಾಲಿನೊಳಗೆ ಹೋದರು. ಅದನ್ನು ಹುಡುಕುವುದಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡರು. ನಾನು ಒಂದು ಮಾತೂ ಆಡಬೇಕಾಗಿರಲಿಲ್ಲ, ಮಗಳೇ ಗೆದ್ದಿದ್ದಳು.

ಮಧ್ಯಾಹ್ನ ಹಿತ್ತಲ ಗಿಡದ ಹಣ್ಣನ್ನೆಲ್ಲ ಕೀಳಿಸಿ ಜಗಲಿಯ ಮೇಲೆ ಹರವಿದೆವು. ಬಿಪಿ ನೋಡಿಸಿಕೊಳ್ಳಬಹುದು, ಒಂದು ಹಣ್ಣು ತಿನ್ನಬಹುದು, ಸಿಪ್ಪೆ ಮಾತ್ರ ವಾಪಸ್ಸು ಕೊಡಬೇಕು ಎಂದು ಗಂಗಮ್ಮ ಕೇರಿಗೆಲ್ಲ ಸುದ್ದಿ ಮುಟ್ಟಿಸಿದರು. ಜನ ಬಂದರು. ಅಂಗಳದಲ್ಲಿ ಹಬ್ಬದ ಕಳೆ. ಹೆಂಗಸರು ಕಾಳು ಬಾಯಿಗೆ ಹಾಕಿಕೊಂಡು ಸಿಪ್ಪೆಯನ್ನು ಪ್ರಸಾದದ ಎಲೆಯಷ್ಟು ಜೋಪಾನವಾಗಿ ತಂದು ಕೊಡುತ್ತಿದ್ದರು. ಹಿತ್ತಲ ಹಣ್ಣು ಪೇಟೆಯದಷ್ಟು ಸಿಹಿಯಲ್ಲ, ಸಿಪ್ಪೆಯ ಒಳಪೊರೆ ನಾಲಿಗೆಗೆ ತಾಗಿದರೆ ತಲೆ ಕೊಡವುವಷ್ಟು ಒಗರು. ಆ ಒಗರು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಒಬ್ಬ ಅಜ್ಜಿಯ ಒತ್ತಡ ನೂರಾ ಅರವತ್ತರ ಮೇಲಿತ್ತು. ಹೇಳಿದ್ದೇ ತಡ, ಕೈಯಲ್ಲಿದ್ದ ಹಣ್ಣನ್ನು ರಾಶಿಗೆ ವಾಪಸ್ಸಿಟ್ಟಳು. "ಬ್ಯಾಡವ್ವ, ನಂಗೆ ಮೊದ್ಲೇ ರಕ್ತ ಜಾಸ್ತಿ ಐತಂತೆ." ನಾನು ಬಾಯಿ ತೆರೆಯುವ ಮೊದಲೇ ಕಂಬಕ್ಕೊರಗಿದ್ದ ರುದ್ರಪ್ಪನವರು ಗದರಿದರು. "ಏ ಅತ್ತೆ, ರಕ್ತ ಅಲ್ಲ ಅದು, ಒತ್ತು. ಬೋರ್‌ವೆಲ್ ನೀರು ಬ್ಯಾರೆ, ಪೈಪಿನ ಪ್ರೆಷರ್ ಬ್ಯಾರೆ. ಹಣ್ಣು ತಿನ್ನು. ನಾಳೆ ಆಸ್ಪತ್ರೆಗೆ ಹೋಗಿ ಮಾತ್ರೆ ಇಸ್ಕಂಬಾ." ಹೀಗೆ ಬಂದವರಿಗೆಲ್ಲ ಪಾಠ ಮಾಡಿದರು. ನಾನು ಕಾಲೇಜಿನಲ್ಲಿ ಅಷ್ಟು ಚೆನ್ನಾಗಿ ಮಾಡಿದ ನೆನಪಿಲ್ಲ. ತಾವು ಮಾತ್ರ ಒಂದು ಕಾಳೂ ಮುಟ್ಟಲಿಲ್ಲ. ಶೋಭಾ ಅಪ್ಪನನ್ನೇ ನೋಡುತ್ತಿದ್ದಳು.

ಸಂಜೆ ರಾಶಿಯಲ್ಲಿ ಒಂದೇ ಹಣ್ಣು ಉಳಿಯಿತು. ರುದ್ರಪ್ಪನವರು ಅದನ್ನೆತ್ತಿ ಟವೆಲಿನಲ್ಲಿ ಕಟ್ಟಿಟ್ಟುಕೊಂಡರು. "ನಿಮ್ಮ ಮಾತು ಇರ್ಲಿ. ತಿನ್ಬ್ಯಾಡ ಅಂತ ಡಾಕ್ಟ್ರು ಹೇಳಿರ್ಲಿಲ್ಲ, ನಾನೇ ಬಿಟ್ಟಿದ್ದು. ಆದ್ರೂ ಅವ್ರನ್ನ ಒಂದ್ಮಾತು ಕೇಳ್ತೀನಿ" ಎಂದರು. ಅವರು ನಂಬುವ ಡಾಕ್ಟರು ಇದ್ದದ್ದು ಹೊಳಲ್ಕೆರೆಯಲ್ಲಿ. ನಾವು ಶಿವಮೊಗ್ಗದ ಬಸ್ಸು ಹಿಡಿಯಬೇಕಾಗಿದ್ದೂ ಅಲ್ಲೇ.

ಬೆಳಿಗ್ಗೆ ಗೋಣಿಚೀಲದ ತುಂಬ ಸಿಪ್ಪೆಯೊಂದಿಗೆ ಹೊರಟೆವು. ಗಂಗಮ್ಮ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಟ್ಟು, "ಮುಂದಿನ್ಸಲ ಬಂದ್ರೆ ಬರೀ ಸಿಪ್ಪೇನೇ ಬಡಿಸ್ತೀನಿ" ಎಂದರು. ಹೊಳಲ್ಕೆರೆಯವರೆಗಿನ ದಾರಿಯಲ್ಲಿ ಅಪ್ಪ ಮಗಳು ಅಕ್ಕಪಕ್ಕ ಕುಳಿತಿದ್ದರು. ಟವೆಲಿನ ಗಂಟು ಅವರ ತೊಡೆಯ ಮೇಲಿತ್ತು.

ಡಾಕ್ಟರು ವಯಸ್ಸಾದವರು, ಮಾತು ಕಮ್ಮಿ. ಒತ್ತಡ ನೋಡಿ, ಕಾಲು ಒತ್ತಿ ನೋಡಿ, ಬೇರೆ ಮಾತ್ರೆ ಬರೆದರು. ರುದ್ರಪ್ಪನವರು ಗಂಟು ಬಿಚ್ಚಿ ಹಣ್ಣನ್ನು ಮೇಜಿನ ಮೇಲಿಟ್ಟು, "ಇದನ್ನ ತಿನ್ಬೋದಾ ಸಾರ್?" ಎಂದು ಕೇಳಿದರು. ಅಷ್ಟು ದೊಡ್ಡ ಆಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಡಾಕ್ಟರು ಹಣ್ಣು ನೋಡಿದರು. "ನೀವು ದಾಳಿಂಬೆ ಬೆಳೆಯೋರಲ್ವಾ? ಇಷ್ಟು ದಿನ ತಿಂದಿಲ್ವಾ?"

"ಇಲ್ಲ."

"ತಿನ್ರಿ. ಹಣ್ಣು ತಿಂದೆ ಅಂತ ಮಾತ್ರೆ ಬಿಡಬೇಡಿ, ಅಷ್ಟೇ. ತಿಂಗಳು ಬಿಟ್ಟು ಬನ್ನಿ."

ಹೊರಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅವರು ಹಣ್ಣನ್ನು ಎರಡು ಹೋಳು ಮಾಡಿದರು. ಅರ್ಧ ಮಗಳಿಗೆ ಕೊಟ್ಟರು. ಉಳಿದರ್ಧದಿಂದ ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಅಗಿದು ನುಂಗಿ, "ನಮ್ಮವ್ವನ ಗಿಡ" ಎಂದರು. ಶೋಭಾ ಅಳುತ್ತಲೇ ತಿಂದಳು. ನಾನು ಎದುರಿನ ಔಷಧಿ ಅಂಗಡಿಗೆ ಹೋಗಿ ಅವರ ಮಾತ್ರೆ ತಂದೆ.

ಶಿವಮೊಗ್ಗದ ಬಸ್ಸು ಬಂತು. ನಾವು ಹತ್ತಿ ಕಿಟಕಿಯ ಪಕ್ಕ ಕುಳಿತೆವು. ಗೋಣಿಚೀಲಕ್ಕೆ ಲಗೇಜ್ ಟಿಕೆಟ್ ಹರಿಯಬೇಕೋ ಬೇಡವೋ ಎಂದು ಕಂಡಕ್ಟರು ಯೋಚಿಸುತ್ತಿದ್ದರು. ಕೆಳಗೆ ನಿಂತಿದ್ದ ರುದ್ರಪ್ಪನವರು ಚಹಾ ಅಂಗಡಿಯಿಂದ ಒಂದು ಲೋಟ ನೀರು ಇಸಿದುಕೊಂಡು ಮಾತ್ರೆ ನುಂಗಿದರು. ಆಮೇಲೆ ಕಿಟಕಿಯ ಹತ್ತಿರ ಬಂದು, ಜೇಬಿನಿಂದ ಎರಡು ಹೋಳು ಸಿಪ್ಪೆ ತೆಗೆದು ಸರಳಿನ ಸಂದಿಯಲ್ಲಿ ನನಗೆ ಕೊಟ್ಟರು. "ಇದನ್ನ ಬಿಟ್ಟೋಗಿದ್ರಿ."

ಬಸ್ಸು ಕದಲಿತು. ಶೋಭಾ ಕಿಟಕಿಗೆ ಮುಖ ಒತ್ತಿ ಅಪ್ಪನನ್ನೇ ನೋಡುತ್ತಿದ್ದಳು, ಏನೂ ಕೇಳಲಿಲ್ಲ. ಆದರೂ ಅವರು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದು, ಹೊಳಲ್ಕೆರೆ ಬಸ್ ನಿಲ್ದಾಣದ ಅಷ್ಟು ಜನರ ನಡುವೆ ಬಾಯಿ ಅಗಲ ಮಾಡಿ, ನಾಲಿಗೆ ಎತ್ತಿ ಮಗಳಿಗೆ ತೋರಿಸಿದರು. ನಾಲಿಗೆಯ ಕೆಳಗೆ ಮಾತ್ರೆ ಇರಲಿಲ್ಲ, ಬಾಯೆಲ್ಲ ದಾಳಿಂಬೆಯ ಕೆಂಪು.